ಪೋರ್ಟ್ ತೆರೆದರೆ ಮುಗಿಯಿತೇ?

ಕೋಲಾರದ ಎಸ್‌ಟಿಡಿ ಕೋಡ್ 08152, ಮಾಲೂರಿನದು 08151, ಶ್ರೀನಿವಾಸಪುರದ್ದು 08157, ಮುಳಬಾಗಿಲಿನದು 08159. ಕೋಲಾರದಲ್ಲಿ ಬಸ್ಸು ಹತ್ತಿದರೆ ಉಳಿದ ಮೂರೂ ಊರು ಒಂದು ಗಂಟೆಯ ಆಸುಪಾಸಿನ ದಾರಿ. ಆದರೂ ಸ್ಥಿರ ದೂರವಾಣಿಯ ಲೆಕ್ಕದಲ್ಲಿ ನಾಲ್ಕಕ್ಕೂ ಬೇರೆ ಬೇರೆ ಎಕ್ಸ್‌ಚೇಂಜು, ಬೇರೆ ಬೇರೆ ಕೋಡು. ಇಂಟರ್‌ನೆಟ್ ಫೋನು ಈ ವಿಂಗಡಣೆಯನ್ನು ಕಚೇರಿಯ ಒಳಗಿನ ಮಟ್ಟಿಗೆ ಅಳಿಸಿಹಾಕಿತು. ಜಿಲ್ಲಾ ಕೇಂದ್ರದಲ್ಲಿ ಒಂದು ಸರ್ವರ್ ಇದ್ದು, ಮೂರು ತಾಲ್ಲೂಕಿನ ಶಾಖೆಗಳಲ್ಲಿ ಐಪಿ ಫೋನುಗಳಿದ್ದರೆ, ಶ್ರೀನಿವಾಸಪುರದ ಮೇಜಿನಿಂದ ಮಾಲೂರಿನ ಮೇಜಿಗೆ ಮೂರಂಕಿಯ ಎಕ್ಸ್‌ಟೆನ್ಷನ್ ಒತ್ತಿದರೆ ಸಾಕು. ಸಹಕಾರಿ ಬ್ಯಾಂಕು, ಹಾಲು ಶೀತಲೀಕರಣ ಕೇಂದ್ರ, ಆಸ್ಪತ್ರೆ, ಮಾವಿನ ಹಣ್ಣಿನ ತಿರುಳು ತೆಗೆಯುವ ಕಾರ್ಖಾನೆ, ನರಸಾಪುರ ಮತ್ತು ಮಾಲೂರು ಕೈಗಾರಿಕಾ ಪ್ರದೇಶದ ಬಿಡಿಭಾಗ ತಯಾರಕರು, ಹೀಗೆ ಹಲವು ಕಡೆ ಹರಡಿಕೊಂಡಿರುವ ಯಾವ ಸಂಸ್ಥೆಗಾದರೂ ಇದು ಅನುಕೂಲದ ವ್ಯವಸ್ಥೆ. ಆದರೆ ಇಂಥ ವ್ಯವಸ್ಥೆಯನ್ನು ಕೂರಿಸುವಾಗ ಎದುರಾಗುವ ಮೊದಲ ತೊಡಕು ಮಾತಿನದಲ್ಲ, ಕಡತದ್ದು. ಹೊಸ ಫೋನು ತನ್ನ ಕಾನ್ಫಿಗರೇಷನ್ ಫೈಲನ್ನು ಸರ್ವರಿನಿಂದ ತರಿಸಿಕೊಳ್ಳಲು ಹೋಗುತ್ತದೆ. ನಡುವಿನ ಫೈರ್‌ವಾಲ್ ಬಿಡುವುದಿಲ್ಲ. ಆಗ ಕೇಳಿಬರುವ ಮಾತು ಒಂದೇ: ‘ಪೋರ್ಟ್ ಓಪನ್ ಮಾಡಿ.’ ಆ ಮಾತು ತಾಂತ್ರಿಕವಾಗಿ ಅರ್ಧ ಸರಿ, ಆಡಳಿತದ ದೃಷ್ಟಿಯಿಂದ ಪೂರ್ತಿ ತಪ್ಪು ಎಂಬುದು ಈ ಲೇಖನದ ವಾದ. ಶಾಖೆಯ ಗಡಿ ದಾಟುವ ಕಡತಕ್ಕೆ ಫೈರ್‌ವಾಲಿನಲ್ಲಿ ದೊಡ್ಡ ಕಿಂಡಿ ಕೊರೆಯುವ ಬದಲು, ಕಡತ ಬರುವ ವಿಧಾನವನ್ನೇ ಬದಲಿಸಬೇಕು.

ಹಳೆಯ ಫೋನಿಗೆ ಕಡತವೇ ಬೇಕಿರಲಿಲ್ಲ. 1986ರ ಜುಲೈನಲ್ಲಿ ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜು ಕೆಲಸ ಶುರುಮಾಡಿದಾಗ, ಬುದ್ಧಿಯೆಲ್ಲ ಆ ಎಕ್ಸ್‌ಚೇಂಜಿನಲ್ಲೇ ಇತ್ತು. ಚಂದಾದಾರನ ಮನೆಯ ಫೋನಿಗೆ ತಾಮ್ರದ ಜೋಡಿ ತಂತಿಯಲ್ಲಿ ವಿದ್ಯುತ್ತು ಬರುತ್ತಿತ್ತು, ರಿಂಗ್ ಬರುತ್ತಿತ್ತು, ಅಷ್ಟೆ. ತನ್ನ ನಂಬರ್ ಯಾವುದು ಎಂಬುದು ಸಹ ಆ ಫೋನಿಗೆ ಗೊತ್ತಿರಲಿಲ್ಲ. ಐಪಿ ಫೋನು ಹಾಗಲ್ಲ. ಅದು ಹ್ಯಾಂಡ್‌ಸೆಟ್ ಅಂಟಿಸಿಕೊಂಡ ಕಂಪ್ಯೂಟರು. ಪೆಟ್ಟಿಗೆಯಿಂದ ತೆಗೆದಾಗ ಅದಕ್ಕೆ ತನ್ನ ಎಕ್ಸ್‌ಟೆನ್ಷನ್ ಗೊತ್ತಿಲ್ಲ, ಪಾಸ್‌ವರ್ಡ್ ಗೊತ್ತಿಲ್ಲ, ಕರೆಗಳನ್ನು ನಿಭಾಯಿಸುವ ಸರ್ವರ್ ಎಲ್ಲಿದೆ ಎಂಬುದು ಗೊತ್ತಿಲ್ಲ, ಭಾರತದ ಗಡಿಯಾರ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿದೆ ಎಂಬುದೂ ಗೊತ್ತಿಲ್ಲ. ಇವೆಲ್ಲ ಅದಕ್ಕೆ ಒಂದು ಕಡತದಲ್ಲಿ ಸಿಗಬೇಕು. ಫೋನಿಗೆ ಐಪಿ ವಿಳಾಸ ಕೊಡುವ ಡಿಎಚ್‌ಸಿಪಿ ವ್ಯವಸ್ಥೆಯೇ 66ನೇ ಆಯ್ಕೆಯ ಮೂಲಕ (ಸಿಸ್ಕೋ ಫೋನುಗಳಿಗೆ 150ನೇ ಆಯ್ಕೆಯೂ ಉಂಟು) ಕಡತದ ಸರ್ವರಿನ ವಿಳಾಸವನ್ನು ತಿಳಿಸುತ್ತದೆ. ಫೋನು ತನ್ನ ಮ್ಯಾಕ್ ವಿಳಾಸವನ್ನೇ ಹೆಸರಾಗಿಟ್ಟುಕೊಂಡ ಕಡತವನ್ನು ಅಲ್ಲಿಂದ ಕೇಳುತ್ತದೆ. ಐವತ್ತು ಫೋನುಗಳ ಒಂದೊಂದು ಗುಂಡಿಯನ್ನೂ ಕೈಯಿಂದ ಒತ್ತಿ ಸಿದ್ಧಪಡಿಸುವ ಕೆಲಸವನ್ನು ಈ ಏರ್ಪಾಟು ತಪ್ಪಿಸುತ್ತದೆ. ಎಲ್ಲವೂ ಒಂದೇ ಕಟ್ಟಡದಲ್ಲಿ ಇರುವ ತನಕ ಇದರಲ್ಲಿ ಯಾವ ತಕರಾರೂ ಏಳುವುದಿಲ್ಲ.

ತಕರಾರು ಏಳುವುದು ಕಡತ ತರುವ ವಾಹಕದಿಂದ. ಬಹುಪಾಲು ಐಪಿ ಫೋನುಗಳು ಬಹಳ ಕಾಲ ನೆಚ್ಚಿಕೊಂಡಿದ್ದು ಟಿಎಫ್‌ಟಿಪಿ ಎಂಬ ನಿಯಮಾವಳಿಯನ್ನು. ನೋಯೆಲ್ ಚಿಯಾಪ್ಪಾ ಮೂಲತಃ ರೂಪಿಸಿದ ಇದನ್ನು ಎಂಐಟಿಯ ಕ್ಯಾರೆನ್ ಸೋಲಿನ್ಸ್ 1981ರಲ್ಲಿ ಆರ್‌ಎಫ್‌ಸಿ 783 ಎಂಬ ಇಂಟರ್‌ನೆಟ್ ದಸ್ತಾವೇಜಾಗಿ ಬರೆದರು. ಇಂದಿಗೂ ಜಾರಿಯಲ್ಲಿರುವ ಪರಿಷ್ಕೃತ ರೂಪ 1992ರ ಆರ್‌ಎಫ್‌ಸಿ 1350. ಡಿಸ್ಕ್ ಇಲ್ಲದ ಪುಟ್ಟ ಯಂತ್ರವೂ ಕೆಲವೇ ಸಾಲಿನ ಪ್ರೋಗ್ರಾಮಿನಿಂದ ಕಡತ ತರಿಸಿಕೊಳ್ಳುವಂತಾಗಬೇಕು ಎಂಬುದೇ ಅದರ ಉದ್ದೇಶ. ಆದ್ದರಿಂದ ಅದರಲ್ಲಿ ಲಾಗಿನ್ ಇಲ್ಲ, ಪಾಸ್‌ವರ್ಡ್ ಇಲ್ಲ, ಗೂಢಲಿಪಿ ಇಲ್ಲ. ಕಡತವನ್ನು 512 ಬೈಟಿನ ತುಂಡುಗಳಾಗಿ ಕತ್ತರಿಸಿ, ಒಂದು ತುಂಡು ತಲುಪಿತೆಂದು ಉತ್ತರ ಬಂದ ಮೇಲೆಯೇ ಮುಂದಿನದನ್ನು ಕಳಿಸುವ ಸರಳ ಕ್ರಮ. ಫೈರ್‌ವಾಲನ್ನು ಗೊಂದಲಕ್ಕೆ ಕೆಡವುವ ಸಂಗತಿ ಮಾತ್ರ ಬೇರೆ. ಫೋನು ತನ್ನ ಕೋರಿಕೆಯನ್ನು ಸರ್ವರಿನ 69ನೇ ಪೋರ್ಟಿಗೆ ಕಳಿಸುತ್ತದೆ. ಸರ್ವರ್ ಉತ್ತರಿಸುವುದು 69ರಿಂದಲ್ಲ, ಆ ಗಳಿಗೆಯಲ್ಲಿ ತಾನು ಆರಿಸಿಕೊಂಡ ಬೇರೊಂದು ಪೋರ್ಟಿನಿಂದ. ತಾಲ್ಲೂಕು ಕಚೇರಿಯ ಒಂದು ಕೌಂಟರಿನಲ್ಲಿ ಅರ್ಜಿ ಕೊಟ್ಟವನಿಗೆ ಬೇರೆ ಕೌಂಟರಿನಿಂದ ಕಾಗದ ಬಂದಂತೆ ಇದು. ಕೊಟ್ಟ ಕಿಟಕಿಯಿಂದಲೇ ಉತ್ತರ ಬರಬೇಕೆಂದು ಕಾದು ನಿಂತ ಕಾವಲುಗಾರ ಆ ಕಾಗದವನ್ನು ಒಳಗೆ ಬಿಡುವುದಿಲ್ಲ. ಇಂದಿನ ಫೈರ್‌ವಾಲುಗಳು ಒಳಗಿನಿಂದ ಹೊರಟ ಪ್ರತಿ ಸಂಪರ್ಕವನ್ನೂ ನೆನಪಿಟ್ಟುಕೊಂಡು, ಅದಕ್ಕೆ ಸರಿಹೊಂದುವ ಉತ್ತರವನ್ನಷ್ಟೇ ಒಳಬಿಡುತ್ತವೆ. ಹೊಸ ಪೋರ್ಟಿನಿಂದ ಬಂದ ಪ್ಯಾಕೆಟ್ಟು ಯಾರೂ ಕೇಳದೆ ಬಂದ ಅಪರಿಚಿತ ಪ್ಯಾಕೆಟ್ಟಾಗಿ ಕಾಣುತ್ತದೆ. ಅದನ್ನು ಬೀಳಿಸುವುದೇ ಫೈರ್‌ವಾಲಿನ ಕೆಲಸ, ಅದು ತನ್ನ ಕೆಲಸ ಮಾಡುತ್ತದೆ.

ಈ ಕಾರಣಕ್ಕೇ ದೋಷ ಹುಡುಕುವವರಿಗೆ ಎರಡೂ ತುದಿಗಳು ಪರಸ್ಪರ ವಿರುದ್ಧವಾದ ಸಾಕ್ಷಿ ಹೇಳುತ್ತವೆ. ಕೋಲಾರದ ಸರ್ವರಿನ ಲಾಗ್ ನೋಡಿದರೆ ‘ಮುಳಬಾಗಿಲಿನ ಫೋನು ಕೇಳಿತು, ಕಡತ ಕಳಿಸಲು ಶುರುಮಾಡಿದೆ’ ಎಂದಿರುತ್ತದೆ. ಮುಳಬಾಗಿಲಿನ ಫೋನಿನ ಪರದೆಯಲ್ಲಿ ‘ಟಿಎಫ್‌ಟಿಪಿ ಟೈಮೌಟ್’ ಎಂದಿರುತ್ತದೆ. ಎರಡೂ ಸತ್ಯವೇ. ಕಳಿಸಿದ್ದೂ ನಿಜ, ತಲುಪದೇ ಹೋದದ್ದೂ ನಿಜ. ಸರ್ವರಿನ ಪಕ್ಕದಲ್ಲಿ ಮಾತ್ರ ಫೈರ್‌ವಾಲ್ ಇದ್ದು, ಅದು 69ಕ್ಕೆ ಬರುವ ಕೋರಿಕೆಯನ್ನು ಒಳಬಿಟ್ಟು, ಹೊರಹೋಗುವುದನ್ನು ತಡೆಯದಿದ್ದರೆ ಕೆಲಸ ನಡೆದುಬಿಡುತ್ತದೆ. ಫೋನಿನ ಪಕ್ಕದಲ್ಲಿ ಫೈರ್‌ವಾಲ್ ಅಥವಾ ವಿಳಾಸ ಬದಲಿಸುವ ಬ್ರಾಡ್‌ಬ್ಯಾಂಡ್ ರೌಟರ್ ಇದ್ದರೆ ನಡೆಯುವುದಿಲ್ಲ. ಹೀಗಾಗಿ ಒಂದೇ ಸರ್ವರ್, ಒಂದೇ ಮಾದರಿಯ ಫೋನು ಇದ್ದರೂ ಮಾಲೂರಿನಲ್ಲಿ ನಡೆದದ್ದು ಶ್ರೀನಿವಾಸಪುರದಲ್ಲಿ ನಡೆಯದೇ ಹೋಗಬಹುದು. ಇನ್ನೊಂದು ಮರೆಯೂ ಉಂಟು. ಸಾಮಾನ್ಯವಾಗಿ ಫೋನುಗಳು ಕೊನೆಯ ಸಲ ಪಡೆದ ಕಡತವನ್ನು ತಮ್ಮ ನೆನಪಿನಲ್ಲಿ ಉಳಿಸಿಕೊಂಡಿರುತ್ತವೆ. ಕರೆಂಟು ಹೋಗಿ ಬಂದಾಗ ಸರ್ವರ್ ಸಿಗದಿದ್ದರೂ ಹಳೆಯ ಕಡತದಿಂದಲೇ ಎದ್ದು ನಿಲ್ಲುತ್ತವೆ. ಆದ್ದರಿಂದ ಕೋಲಾರದ ಮೇಜಿನ ಮೇಲೆ ಸಿದ್ಧಪಡಿಸಿ ತಾಲ್ಲೂಕಿಗೆ ಒಯ್ದ ಫೋನುಗಳು ತಿಂಗಳುಗಟ್ಟಲೆ ಚೆನ್ನಾಗಿ ನಡೆಯುತ್ತವೆ; ಪಾಸ್‌ವರ್ಡ್ ಬದಲಿಸಿದ ದಿನ, ಸರ್ವರಿನ ವಿಳಾಸ ಬದಲಾದ ದಿನ, ಅಥವಾ ಹೊಸದೊಂದು ಫೋನು ಸೇರಿಸಿದ ದಿನ ರೋಗ ಹೊರಬೀಳುತ್ತದೆ. ಅಷ್ಟರಲ್ಲಿ ಅಳವಡಿಸಿದವರು ಬಿಲ್ಲು ಪಡೆದು ಹೋಗಿರುತ್ತಾರೆ.

ಆಗ ಅವಸರದ ಚಿಕಿತ್ಸೆ ನಡೆಯುತ್ತದೆ. ಸರ್ವರ್ ಯಾವ ಪೋರ್ಟಿನಿಂದ ಉತ್ತರಿಸುತ್ತದೆಂದು ಮೊದಲೇ ಹೇಳಲಾಗದ ಕಾರಣ 1024ರಿಂದ 65535ರವರೆಗಿನ ಅಷ್ಟೂ ಯುಡಿಪಿ ಪೋರ್ಟುಗಳನ್ನು ತೆರೆದುಬಿಡುವುದು. ಇಲ್ಲವೇ ‘ಎನಿ ಟು ಎನಿ’ (ಯಾರಿಂದ ಯಾರಿಗಾದರೂ) ಎಂಬ ಒಂದೇ ಸಾಲಿನ ನಿಯಮ ಬರೆದು ಕೈತೊಳೆದುಕೊಳ್ಳುವುದು. ಫೋನು ಎದ್ದು ನಿಂತಿತು, ಕರೆ ಹೋಯಿತು, ಎಲ್ಲರಿಗೂ ನೆಮ್ಮದಿ. ಆದರೆ ಆ ಸಾಲನ್ನು ಅಳಿಸಲು ಮತ್ತೆ ಯಾರೂ ಬರುವುದಿಲ್ಲ. ಅಳಿಸಿದರೆ ಏನು ನಿಂತುಹೋಗುತ್ತದೋ ಎಂಬ ಅಂಜಿಕೆಯಲ್ಲಿ ಮುಂದೆ ಬಂದವರೂ ಅದನ್ನು ಮುಟ್ಟುವುದಿಲ್ಲ. ಒಂದು ಮಧ್ಯಾಹ್ನದ ಅನುಕೂಲಕ್ಕೆ ಬರೆದ ನಿಯಮ ಸಂಸ್ಥೆಯ ಶಾಶ್ವತ ನೀತಿಯಾಗಿಬಿಡುತ್ತದೆ. ತೆರೆದದ್ದರ ಅಪಾಯ ಎಷ್ಟು ಎಂದು ತೂಗಿ ನೋಡಿ ತೀರ್ಮಾನಿಸಿದವರು ಆ ಸರಪಳಿಯಲ್ಲಿ ಒಬ್ಬರೂ ಇರುವುದಿಲ್ಲ ಎಂಬುದೇ ಇಲ್ಲಿನ ನಿಜವಾದ ಕೊರತೆ.

ಅಪಾಯ ಎಷ್ಟೆಂದು ತಿಳಿಯಲು ಆ ಕಡತದಲ್ಲಿ ಏನಿದೆ ಎಂದು ನೋಡಬೇಕು. ನೋಡಲು ಸಾಮಾನ್ಯ ಪಠ್ಯ ಅಥವಾ ಎಕ್ಸ್‌ಎಂಎಲ್. ಒಳಗೆ ಕರೆ ಸರ್ವರಿನ ವಿಳಾಸ, ಎಕ್ಸ್‌ಟೆನ್ಷನ್, ಎಸ್‌ಐಪಿ (ಕರೆ ಜೋಡಿಸುವ ನಿಯಮಾವಳಿ) ಬಳಕೆದಾರನ ಹೆಸರು, ಪಾಸ್‌ವರ್ಡ್, ಕೆಲವೊಮ್ಮೆ ಫೋನಿನ ಅಡ್ಮಿನ್ ಪಾಸ್‌ವರ್ಡೂ ಇರುತ್ತವೆ. ಈ ಮಾಹಿತಿ ಸಿಕ್ಕವನು ಜಗತ್ತಿನ ಯಾವ ಮೂಲೆಯಲ್ಲಿ ಕೂತಾದರೂ, ಕರೆ ಸರ್ವರ್ ಅವನ ಕೈಗೆ ಎಟಕುವಂತಿದ್ದರೆ, ಆ ಎಕ್ಸ್‌ಟೆನ್ಷನ್ನಿನ ಹೆಸರಿನಲ್ಲಿ ನೋಂದಾಯಿಸಿಕೊಂಡು ದುಬಾರಿ ಅಂತರರಾಷ್ಟ್ರೀಯ ನಂಬರುಗಳಿಗೆ ಕರೆ ಮಾಡಬಹುದು. ಬಿಲ್ಲು ಸಂಸ್ಥೆಗೆ ಬರುತ್ತದೆ. ಹಾಗಾದರೆ ಕಡತ ಕೇಳುವವನು ಏನನ್ನು ತೋರಿಸಬೇಕು? ಏನನ್ನೂ ಇಲ್ಲ. ಕಡತದ ಹೆಸರು ಗೊತ್ತಿದ್ದರೆ ಸಾಕು. ಆ ಹೆಸರು ಫೋನಿನ ಮ್ಯಾಕ್ ವಿಳಾಸ; ಅದು ಫೋನಿನ ಬೆನ್ನಿಗೂ ಪೆಟ್ಟಿಗೆಯ ಮೇಲೂ ಅಂಟಿಸಿದ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಹನ್ನೆರಡು ಅಂಕಿ-ಅಕ್ಷರಗಳ ಆ ವಿಳಾಸದ ಮೊದಲರ್ಧ ತಯಾರಕರಿಗೆ ಸೇರಿದ್ದು. ಉಳಿದರ್ಧದಲ್ಲಿ ಸಾಧ್ಯವಿರುವ ಜೋಡಣೆಗಳು 1,67,77,216; ಒಟ್ಟಿಗೆ ಖರೀದಿಸಿದ ಫೋನುಗಳ ವಿಳಾಸಗಳು ಅದರಲ್ಲಿ ಬಹುತೇಕ ಅಕ್ಕಪಕ್ಕದಲ್ಲೇ ಇರುತ್ತವೆ. ಒಂದು ಗೊತ್ತಾದರೆ ಉಳಿದವನ್ನು ಊಹಿಸುವುದು ಯಂತ್ರಕ್ಕೆ ಕಷ್ಟವಲ್ಲ. ಕದಿಯುವುದಷ್ಟೇ ಅಲ್ಲ, ತಿದ್ದುವುದೂ ಸಾಧ್ಯ. ಸರ್ವರಿನ ಬದಲಿಗೆ ತಾನೇ ಉತ್ತರ ಕೊಡುವ ಜಾಗದಲ್ಲಿ ಒಬ್ಬ ಕೂತರೆ, ಕಡತದ ಸಹಿಯನ್ನು ಪರಿಶೀಲಿಸದ ಫೋನು ಅವನು ಕೊಟ್ಟ ವಿಳಾಸವನ್ನೇ ನಂಬುತ್ತದೆ. ಅಲ್ಲಿಂದ ಮುಂದೆ ಆ ಫೋನಿನ ಪ್ರತಿ ಮಾತೂ ಅವನ ಮೂಲಕ ಹಾದುಹೋಗುತ್ತದೆ.

ಫೈರ್‌ವಾಲ್ ಕಾಯುವವರು 69ನೇ ಪೋರ್ಟಿನ ಬಗ್ಗೆ ಇಷ್ಟೊಂದು ಬಿಗಿಯೇಕೆ ಎಂಬ ಗೊಣಗಾಟಕ್ಕೂ ಚರಿತ್ರೆಯಲ್ಲೇ ಉತ್ತರವಿದೆ. 2003ರ ಆಗಸ್ಟಿನಲ್ಲಿ ವಿಂಡೋಸ್ ಕಂಪ್ಯೂಟರುಗಳನ್ನು ಜಗತ್ತಿನಾದ್ಯಂತ ಕೆಡವಿದ ಬ್ಲಾಸ್ಟರ್ ಹುಳು 135ನೇ ಪೋರ್ಟಿನ ದೋಷದಿಂದ ಒಳನುಗ್ಗಿ, ತನ್ನ ಪ್ರತಿಯನ್ನು ಹೊಸ ಯಂತ್ರಕ್ಕೆ ಎಳೆದುಕೊಂಡದ್ದು ಇದೇ ಟಿಎಫ್‌ಟಿಪಿಯಿಂದ. ಅದಕ್ಕೂ ಮೊದಲು, 2001ರ ಸೆಪ್ಟೆಂಬರಿನ ನಿಮ್ಡಾ ಹುಳು ಕೂಡ ಇದೇ ದಾರಿ ಬಳಸಿತ್ತು. ವಿಂಡೋಸಿನೊಳಗೇ ಟಿಎಫ್‌ಟಿಪಿಯ ಪುಟ್ಟ ಪ್ರೋಗ್ರಾಮು ಸಿದ್ಧವಾಗಿ ಕೂತಿದ್ದರಿಂದ ಹುಳುಗಳಿಗೆ ಬೇರೆ ಸಾಧನವೇ ಬೇಕಾಗಲಿಲ್ಲ. ಆ ಬಳಿಕ 69ನ್ನು ಮುಚ್ಚುವುದು ಜಾಲ ಕಾಯುವವರ ರೂಢಿಯಾಯಿತು. ಪುಟ್ಟ ಯಂತ್ರಕ್ಕೆ ಅನುಕೂಲವಾಗಲೆಂದು ಇಟ್ಟ ಸರಳತೆಯೇ ಹುಳುವಿಗೂ ಅನುಕೂಲವಾಯಿತು. ಹೀಗಿರುವಾಗ, ಫೋನಿನ ನೆಪದಲ್ಲಿ ಅದನ್ನು ಮತ್ತೆ ತೆರೆಯಬೇಕೆಂದು ಕೇಳುವವರ ಮೇಲೆಯೇ ಸಮರ್ಥನೆಯ ಹೊಣೆ ಇರಬೇಕು.

ಇಲ್ಲಿ ಬಲವಾದ ಆಕ್ಷೇಪವೊಂದು ಬರುತ್ತದೆ. ಅಷ್ಟೂ ಪೋರ್ಟು ತೆರೆಯುವ ಅಗತ್ಯವೇ ಇಲ್ಲವಲ್ಲ, ಟಿಎಫ್‌ಟಿಪಿಯ ಸ್ವಭಾವ ಬಲ್ಲ ಫೈರ್‌ವಾಲುಗಳೇ ಇವೆಯಲ್ಲ ಎಂಬುದು ಆ ಮಾತು. ಇದು ನಿಜ. ಸಿಸ್ಕೋದ ಎಎಸ್‌ಎ ಫೈರ್‌ವಾಲಿನಲ್ಲಿ ಟಿಎಫ್‌ಟಿಪಿ ತಪಾಸಣೆ ಮೂಲ ನೀತಿಯಲ್ಲೇ ಸೇರಿದೆ. ಲಿನಕ್ಸಿನಲ್ಲಿ ಇದಕ್ಕೆಂದೇ ಸಹಾಯಕ ಮಾಡ್ಯೂಲ್ ಇದೆ. 69ಕ್ಕೆ ಹೋಗುವ ಕೋರಿಕೆಯನ್ನು ಓದಿ, ‘ಈ ಸರ್ವರಿನಿಂದ ಈ ಫೋನಿನ ಈ ಪೋರ್ಟಿಗೆ ಒಂದು ಉತ್ತರ ಬರಲಿದೆ’ ಎಂದು ಮೊದಲೇ ಗುರುತು ಹಾಕಿಕೊಂಡು, ಅದೊಂದನ್ನಷ್ಟೇ ಬಿಡುತ್ತದೆ. ಸರ್ವರಿನ ಕಡೆಯಿಂದಲೂ ಹತೋಟಿ ಸಾಧ್ಯ: ಟಿಎಫ್‌ಟಿಪಿಡಿ-ಎಚ್‌ಪಿಎ ಎಂಬ ಸರ್ವರಿಗೆ ಇಂತಿಷ್ಟೇ ಪೋರ್ಟುಗಳಿಂದ ಉತ್ತರಿಸು ಎಂದು ಹೇಳಬಹುದು, ಡಿಎನ್‌ಎಸ್‌ಮಾಸ್ಕ್‌ಗೆ ಒಂದೇ ಪೋರ್ಟಿನಿಂದ ಉತ್ತರಿಸು ಎಂದೂ ಹೇಳಬಹುದು. ‘ಎನಿ ಟು ಎನಿ’ಗಿಂತ ಇವೆಲ್ಲ ನೂರು ಪಾಲು ಮೇಲು. ತುರ್ತಿನಲ್ಲಿ ಒಬ್ಬ ತಂತ್ರಜ್ಞ ಇವುಗಳಲ್ಲಿ ಒಂದನ್ನು ಬಳಸಿದರೆ ಅವನನ್ನು ದೂರಲಾಗದು. ಆದರೆ ಇವು ಬಗೆಹರಿಸುವುದು ತಲುಪುವಿಕೆಯ ಪ್ರಶ್ನೆಯನ್ನು ಮಾತ್ರ. ತಲುಪಿದ ಕಡತ ತೆರೆದ ಪುಟವಾಗಿಯೇ ತಲುಪುತ್ತದೆ, ಕೇಳಿದವರಿಗೆಲ್ಲ ಸಿಗುತ್ತದೆ. ಮೇಲಾಗಿ ಈ ಸಹಾಯಕ ಮಾಡ್ಯೂಲುಗಳು ಸಾಫ್ಟ್‌ವೇರಿನ ಆವೃತ್ತಿಯೊಂದಿಗೆ ಬದಲಾಗುತ್ತವೆ. ಲಿನಕ್ಸ್ ಕರ್ನೆಲ್ 2016ರ 4.7ನೇ ಆವೃತ್ತಿಯಲ್ಲಿ, ಸುರಕ್ಷತೆಯ ಕಾರಣಕ್ಕೆ, ಸಹಾಯಕಗಳು ತಾವಾಗಿಯೇ ಅಂಟಿಕೊಳ್ಳುವುದನ್ನು ನಿಲ್ಲಿಸಿತು. ಬೇಕಾದವರು ನಿಯಮ ಬರೆದು ಹೇಳಬೇಕಾಯಿತು. ಹಾಗಾಗಿ ಫೈರ್‌ವಾಲಿನ ಸಾಫ್ಟ್‌ವೇರ್ ನವೀಕರಿಸಿದ ಮರುದಿನ ಹೊಸ ಫೋನುಗಳು ಏಳದಿದ್ದರೆ ಅಚ್ಚರಿಯಿಲ್ಲ. ಮುಖ್ಯವಾದ ಒಂದು ಸೇವೆ ನಡುವಿನ ಪೆಟ್ಟಿಗೆಯ ಮರ್ಜಿಗೆ ಬಿದ್ದಿರುವುದು ಒಳ್ಳೆಯ ವಿನ್ಯಾಸದ ಲಕ್ಷಣವಲ್ಲ.

ಸುರಕ್ಷತೆಯ ಮಾತನ್ನು ಬದಿಗಿಟ್ಟು ಬರಿಯ ವೇಗದ ಲೆಕ್ಕ ಹಾಕಿದರೂ ಟಿಎಫ್‌ಟಿಪಿ ಊರೂರು ದಾಟಲು ಹುಟ್ಟಿದ್ದಲ್ಲ ಎಂಬುದು ಗೊತ್ತಾಗುತ್ತದೆ. ಫೋನು ಎರಡು ಬಗೆಯ ಕಡತಗಳನ್ನು ತರಿಸಿಕೊಳ್ಳುತ್ತದೆ: ಚಿಕ್ಕದಾದ ಕಾನ್ಫಿಗರೇಷನ್, ದೊಡ್ಡದಾದ ಫರ್ಮ್‌ವೇರ್ (ಫೋನನ್ನು ನಡೆಸುವ ಮೂಲ ಸಾಫ್ಟ್‌ವೇರ್). ಒಂದು ತುಂಡು ಹೋಗಿ ಉತ್ತರ ಬರಲು ಕೋಲಾರ-ಮುಳಬಾಗಿಲು ನಡುವೆ 30 ಮಿಲಿಸೆಕೆಂಡು ಹಿಡಿಯುತ್ತದೆ ಎಂದಿಟ್ಟುಕೊಳ್ಳೋಣ. 20 ಕೆಬಿಯ ಕಾನ್ಫಿಗರೇಷನ್ ಎಂದರೆ 40 ತುಂಡು. ಒಂದೆರಡು ಸೆಕೆಂಡಿನಲ್ಲಿ ಮುಗಿಯಿತು. ಆದರೆ 10 ಎಂಬಿಯ ಫರ್ಮ್‌ವೇರ್ ಎಂದರೆ 20,480 ತುಂಡು, ಅಂದರೆ 614 ಸೆಕೆಂಡು, ಹತ್ತು ನಿಮಿಷಕ್ಕೂ ಮೇಲೆ. ಲೈನಿನ ವೇಗ ಎಷ್ಟೇ ಹೆಚ್ಚಿಸಿದರೂ ಇದು ಇಳಿಯುವುದಿಲ್ಲ, ಏಕೆಂದರೆ ಕಾಯುವಿಕೆಯೇ ಸಮಯವನ್ನು ತಿನ್ನುತ್ತಿದೆ. ದಾರಿಯಲ್ಲಿ ಒಂದು ಪ್ಯಾಕೆಟ್ ಕಳೆದುಹೋದರೆ ಮತ್ತೆ ಕೆಲವು ಸೆಕೆಂಡು ಸುಮ್ಮನೆ ನಿಲ್ಲಬೇಕು. ಅದೇ ಕೆಲಸ ಒಂದೇ ಕಟ್ಟಡದೊಳಗೆ, ಒಂದು ಮಿಲಿಸೆಕೆಂಡಿನ ಅಂತರದಲ್ಲಿ, ಇಪ್ಪತ್ತು ಸೆಕೆಂಡಿನದು. ತುಂಡಿನ ಗಾತ್ರವನ್ನು ಹಿಗ್ಗಿಸುವ ಸೌಲಭ್ಯ 1998ರಲ್ಲೂ, ಹಲವು ತುಂಡುಗಳನ್ನು ಒಟ್ಟಿಗೆ ಕಳಿಸುವ ಸೌಲಭ್ಯ 2015ರಲ್ಲೂ ಸೇರಿದವು. ಎರಡೂ ತುದಿ ಒಪ್ಪಿದರೆ ಮಾತ್ರ ಅವು ಕೆಲಸ ಮಾಡುತ್ತವೆ, ಪಾಸ್‌ವರ್ಡನ್ನಂತೂ ಅವು ತರಲಿಲ್ಲ.

ಈ ಲೆಕ್ಕದಲ್ಲೇ ಪರಿಹಾರದ ಸುಳಿವೂ ಇದೆ. ಫರ್ಮ್‌ವೇರ್ ದೊಡ್ಡದು, ಆದರೆ ಗುಟ್ಟಿನದಲ್ಲ. ತಯಾರಕರು ಬಹಿರಂಗವಾಗಿ ಹಂಚುವ ಅದಕ್ಕೆ ಸಾಮಾನ್ಯವಾಗಿ ಅವರ ಡಿಜಿಟಲ್ ಸಹಿಯೂ ಇರುತ್ತದೆ. ಕಾನ್ಫಿಗರೇಷನ್ ಚಿಕ್ಕದು, ಆದರೆ ಗುಟ್ಟಿನದು. ಎರಡನ್ನೂ ಒಂದೇ ದಾರಿಯಲ್ಲಿ ಕಳಿಸಬೇಕೆಂಬ ಹಟವೇ ತೊಡಕಿನ ಮೂಲ. ಫರ್ಮ್‌ವೇರನ್ನು ಪ್ರತಿ ತಾಲ್ಲೂಕು ಶಾಖೆಯ ಒಳಗೇ ಇಡಬಹುದು. ಸಿಸ್ಕೋ ರೌಟರುಗಳಂಥವು ತಮ್ಮ ಫ್ಲ್ಯಾಶ್ ನೆನಪಿನಿಂದಲೇ ಟಿಎಫ್‌ಟಿಪಿ ಸರ್ವರಿನ ಕೆಲಸ ಮಾಡಬಲ್ಲವು. ಅಲ್ಲಿ ಅದು ಫೈರ್‌ವಾಲನ್ನು ದಾಟುವ ಪ್ರಶ್ನೆಯೇ ಇಲ್ಲ. ಗಡಿ ದಾಟಬೇಕಾದ ಕಾನ್ಫಿಗರೇಷನ್ ಕಡತ ಎಚ್‌ಟಿಟಿಪಿಎಸ್ ಮೂಲಕ ಬರಲಿ. ಫೋನು ತಾನೇ ಹೊರಟು 443ನೇ ಪೋರ್ಟಿಗೆ ಹೋಗಿ, ಅದೇ ಸಂಪರ್ಕದಲ್ಲಿ ಉತ್ತರ ಪಡೆಯುತ್ತದೆ. ಫೈರ್‌ವಾಲಿಗೆ ಇದು ಪರಿಚಿತ ದಾರಿ. ವಿಶೇಷ ಗುರುತು, ಸಹಾಯಕ ಮಾಡ್ಯೂಲ್ ಯಾವುದೂ ಬೇಡ. ದಾರಿಯಲ್ಲಿ ಯಾರೂ ಓದಲಾರರು. ಕಾರ್ಖಾನೆಯಲ್ಲೇ ಪ್ರಮಾಣಪತ್ರ ಅಳವಡಿಸಿದ ಫೋನುಗಳಾದರೆ, ಕೇಳುತ್ತಿರುವುದು ನಿಜಕ್ಕೂ ಆ ಫೋನೇ ಎಂದು ಸರ್ವರ್ ಪರೀಕ್ಷಿಸಬಹುದು. ಆಗ ಚೀಟಿ ನೋಡಿ ಮ್ಯಾಕ್ ವಿಳಾಸ ಬರೆದುಕೊಂಡವನಿಗೆ ಏನೂ ಸಿಗುವುದಿಲ್ಲ. ಡಿಎಚ್‌ಸಿಪಿಯ ಅದೇ 66ನೇ ಆಯ್ಕೆಯಲ್ಲಿ ಬರಿಯ ಸರ್ವರ್ ವಿಳಾಸದ ಬದಲು ಎಚ್‌ಟಿಟಿಪಿಎಸ್ ವಿಳಾಸ ಬರೆದರೆ ಹಲವು ತಯಾರಕರ ಫೋನುಗಳು ಒಪ್ಪುತ್ತವೆ. ಒಂದು ಎಚ್ಚರ ಮಾತ್ರ ಬೇಕು. ಪ್ರಮಾಣಪತ್ರಕ್ಕೆ ಅವಧಿ ಇರುತ್ತದೆ. ಗಡಿಯಾರ ತಪ್ಪಿದ ಫೋನು ಸರಿಯಾದ ಪ್ರಮಾಣಪತ್ರವನ್ನೂ ತಿರಸ್ಕರಿಸುತ್ತದೆ. ಆದ್ದರಿಂದ ಕಡತಕ್ಕೆ ಮೊದಲು ಫೋನಿಗೆ ಸರಿಯಾದ ಸಮಯ ಸಿಗಬೇಕು. ದೇಶದ ಸೈಬರ್ ಸುರಕ್ಷತೆಯ ಹೊಣೆ ಹೊತ್ತ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಸಂಸ್ಥೆಗಳು ತಮ್ಮ ಯಂತ್ರಗಳ ಗಡಿಯಾರವನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಿಕೊಳ್ಳಬೇಕು, ಲಾಗುಗಳನ್ನು 180 ದಿನ ಉಳಿಸಬೇಕು ಎಂದು ಹೇಗೂ ಹೇಳಿದೆ. ಎರಡು ಅಗತ್ಯ ಒಂದೇ ಏರ್ಪಾಟಿನಲ್ಲಿ ತೀರುತ್ತವೆ.

ಎರಡನೆಯ ಆಕ್ಷೇಪ ಖಾಸಗಿ ಜಾಲದ್ದು. ನಮ್ಮ ಶಾಖೆಗಳು ಇಂಟರ್‌ನೆಟ್ಟಿನಲ್ಲಿಲ್ಲ, ಬಾಡಿಗೆ ಲೈನಿನಲ್ಲೋ ವಿಪಿಎನ್ ಸುರಂಗದಲ್ಲೋ ಇವೆ. ಹೊರಗಿನವರು ಬರುವುದೇ ಇಲ್ಲವೆಂದ ಮೇಲೆ ಭಯವೇಕೆ ಎಂದು ಕೇಳುವವರಿದ್ದಾರೆ. ಸರ್ಕಾರಿ ಕಚೇರಿಗಳಿಗಂತೂ ಕೆ-ಸ್ವಾನ್ ಎಂಬ ರಾಜ್ಯದ್ದೇ ಜಾಲವಿದೆ. ಕೇಂದ್ರ ಸರ್ಕಾರ 2005ರ ಮಾರ್ಚಿನಲ್ಲಿ ಒಪ್ಪಿದ ಸ್ವಾನ್ ಯೋಜನೆ ರಾಜಧಾನಿಯಿಂದ ಜಿಲ್ಲೆಗೆ, ಅಲ್ಲಿಂದ ತಾಲ್ಲೂಕು ಮಟ್ಟಕ್ಕೆ ಕನಿಷ್ಠ 2 ಎಂಬಿಪಿಎಸ್ ಸಂಪರ್ಕ ಕೊಟ್ಟು, ದತ್ತಾಂಶದ ಜತೆ ಧ್ವನಿ ಮತ್ತು ವಿಡಿಯೋವನ್ನೂ ಸಾಗಿಸುವ ಉದ್ದೇಶದ್ದು. ಇಂಥ ಜಾಲದಲ್ಲಿ ಅಪಾಯ ಕಡಿಮೆ ಎಂಬುದನ್ನು ಒಪ್ಪಬೇಕು. ಆದರೆ ಕಡಿಮೆ ಎಂದರೆ ಇಲ್ಲ ಎಂದಲ್ಲ. ಬ್ಲಾಸ್ಟರ್ ಹುಳು ಖಾಸಗಿ ಜಾಲಗಳ ಒಳಗೂ ಹರಡಿತು; ಯಾರೋ ಒಬ್ಬರು ಹೊರಗೆ ಸೋಂಕು ತಗುಲಿಸಿಕೊಂಡ ಲ್ಯಾಪ್‌ಟಾಪನ್ನು ಒಳಗೆ ತಂದು ಸಿಕ್ಕಿಸಿದರೆ ಸಾಕಿತ್ತು. ಹಲವು ಕಚೇರಿಗಳು ಹಂಚಿಕೊಂಡ ಜಾಲ ದೊಡ್ಡದಾದಷ್ಟೂ ‘ಒಳಗಿನವರು’ ಎಂಬ ಮಾತು ತೆಳುವಾಗುತ್ತದೆ. ಮಾಲೂರಿನ ಶಾಖೆಯ ಯಾವುದೋ ಕಂಪ್ಯೂಟರಿಗೆ ಕೋಲಾರದ ಫೋನ್ ಸರ್ವರಿನ ಕಡತಗಳನ್ನು ಓದುವ ಹಕ್ಕು ಏಕಿರಬೇಕು ಎಂಬ ಪ್ರಶ್ನೆಗೆ ‘ಒಂದೇ ಜಾಲವಲ್ಲವೇ’ ಎಂಬುದು ಉತ್ತರವಾಗದು. ಖಾಸಗಿ ಜಾಲವಿದ್ದರೆ ಫೋನುಗಳನ್ನು ಕಂಪ್ಯೂಟರುಗಳಿಂದ ಬೇರೆಯಾದ ವಾಯ್ಸ್ ವಿಲ್ಯಾನ್‌ನಲ್ಲಿ (ಧ್ವನಿಗೆಂದೇ ಬೇರ್ಪಡಿಸಿದ ಜಾಲದ ಭಾಗದಲ್ಲಿ) ಇಟ್ಟು, ಆ ವಿಲ್ಯಾನ್‌ಗೆ ಮಾತ್ರ ಸರ್ವರನ್ನು ತಲುಪಲು ಬಿಟ್ಟರೆ ಆ ಜಾಲದ ಪೂರ್ತಿ ಪ್ರಯೋಜನ ಸಿಗುತ್ತದೆ.

ಮೂರನೆಯದು ಹಣದ ಮತ್ತು ಕೈಯ ಪ್ರಶ್ನೆ, ಇದೇ ಎಲ್ಲಕ್ಕಿಂತ ಗಟ್ಟಿಯಾದದ್ದು. ತಾಲ್ಲೂಕಿನ ಶಾಖೆಯಲ್ಲಿ ನೆಟ್‌ವರ್ಕ್ ಎಂಜಿನಿಯರ್ ಇರುವುದಿಲ್ಲ. ಫೋನುಗಳು ಹಳೆಯವು, ಕೆಲವಕ್ಕೆ ಎಚ್‌ಟಿಟಿಪಿಎಸ್ ಬರುವುದೇ ಇಲ್ಲ, ಕೆಲವಕ್ಕೆ ಬಂದರೂ ಇಂದಿನ ಸರ್ವರುಗಳು ಒಪ್ಪದ ಹಳೆಯ ಟಿಎಲ್‌ಎಸ್ (ಎಚ್‌ಟಿಟಿಪಿಎಸ್‌ನ ಗೂಢಲಿಪಿ ಪದರ) ಆವೃತ್ತಿ ಮಾತ್ರ ಬರುತ್ತದೆ. ನಡೆಯುತ್ತಿರುವ ಫೋನುಗಳನ್ನೆಲ್ಲ ಎಸೆಯಿರಿ ಎಂದು ಯಾರೂ ಹೇಳಬೇಕಿಲ್ಲ. ಅವುಗಳಿಗೆ ನಡುದಾರಿಯೊಂದಿದೆ: ಟಿಎಫ್‌ಟಿಪಿಯನ್ನು ಸಾಧ್ಯವಾದಷ್ಟು ಶಾಖೆಯ ಒಳಗೇ ಉಳಿಸಿಕೊಂಡು, ಫೋನು ಬೆಂಬಲಿಸುವುದಾದರೆ ಕಡತವನ್ನೇ ಗೂಢಲಿಪಿಗೊಳಿಸಿ, ಗಡಿ ದಾಟಲೇಬೇಕಾದ ಕಡತಕ್ಕೆ ಶಾಖೆ ಮತ್ತು ಕೇಂದ್ರದ ನಡುವೆ ವಿಪಿಎನ್ ಸುರಂಗ ಹಾಕಿ, ಅದರೊಳಗೂ ಸಹಾಯಕ ಮಾಡ್ಯೂಲಿನ ಮೂಲಕ ಗೊತ್ತಾದ ಸರ್ವರಿಗೆ, ಗೊತ್ತಾದ ವಿಲ್ಯಾನ್‌ನಿಂದ ಮಾತ್ರ ಅವಕಾಶ ಕೊಡುವುದು. ಕೈಯ ಕೊರತೆಗಾದರೋ ಎಚ್‌ಟಿಟಿಪಿಎಸ್ ದಾರಿಯೇ ಹೆಚ್ಚು ಹೊಂದುತ್ತದೆ. ತಾಲ್ಲೂಕಿನಲ್ಲಿ ಎಂಜಿನಿಯರ್ ಇಲ್ಲವೆಂದ ಮೇಲೆ, ಅಲ್ಲಿನ ಫೈರ್‌ವಾಲಿಗೆ ವಿಶೇಷ ಚಿಕಿತ್ಸೆ ಬೇಡುವ ವ್ಯವಸ್ಥೆಗಿಂತ ಏನೂ ಬೇಡದ ವ್ಯವಸ್ಥೆಯೇ ಅಗ್ಗ. ಪ್ರತಿ ಸಲ ಕೋಲಾರದಿಂದ ಒಬ್ಬರು ಮುಳಬಾಗಿಲಿಗೆ ಹೋಗಿ ಬರುವ ಖರ್ಚು, ಆ ದಿನ ಶಾಖೆಯ ಫೋನು ಸತ್ತಿದ್ದರ ನಷ್ಟ, ಇವನ್ನು ಲೆಕ್ಕಕ್ಕೆ ಹಿಡಿದರೆ ಸುಭದ್ರ ದಾರಿ ದುಬಾರಿ ಎಂಬ ನಂಬಿಕೆ ನಿಲ್ಲುವುದಿಲ್ಲ. ಖರೀದಿಯ ದಿನ ಉಳಿಸಿದ ಹಣ ನಿರ್ವಹಣೆಯ ತಲೆಗೆ ಕಟ್ಟಿದ ಸಾಲ. ಅದು ಬೇರೆ ತಲೆಬರಹದ ಅಡಿ ಬರುವುದರಿಂದ ಕಾಣುವುದಿಲ್ಲ, ಅಷ್ಟೆ.

ಎಲ್ಲರ ಜೇಬಿನಲ್ಲೂ ಮೊಬೈಲ್ ಇರುವಾಗ ಮೇಜಿನ ಫೋನಿನ ಚಿಂತೆ ಏಕೆ, ಅಥವಾ ಎಲ್ಲವನ್ನೂ ಕ್ಲೌಡ್ ಕಂಪನಿಗೆ ಒಪ್ಪಿಸಿ ಸುಮ್ಮನಾದರೆ ಆಗದೇ ಎಂಬ ಮಾತೂ ಇದೆ. ಮೊಬೈಲ್ ವ್ಯಕ್ತಿಯದು, ಮೇಜಿನ ಫೋನು ಹುದ್ದೆಯದು. ಅಧಿಕಾರಿ ವರ್ಗವಾದರೂ ವೈದ್ಯರ ಪಾಳಿ ಬದಲಾದರೂ ಕರೆ ಅದೇ ಜಾಗಕ್ಕೆ ತಲುಪಬೇಕಾದ ಕಡೆ ಅದರ ಅಗತ್ಯ ತೀರಿಲ್ಲ. ಕ್ಲೌಡ್ ಕಂಪನಿಗೆ ಒಪ್ಪಿಸಿದರೂ ಫೋನು ತನ್ನ ಕಡತವನ್ನು ಎಲ್ಲಿಂದಲೋ ತರಲೇಬೇಕು. ಈಗ ಅದು ದಾಟುವುದು ಮುಕ್ತ ಇಂಟರ್‌ನೆಟ್ಟನ್ನು. ಅಲ್ಲಿ ಟಿಎಫ್‌ಟಿಪಿಯನ್ನು ಬಳಸಬಾರದು ಎಂಬುದು ಇನ್ನಷ್ಟು ನಿಚ್ಚಳ. ಹೊರಗಿನವರಿಗೆ ಒಪ್ಪಿಸಿದಾಗ ಕೆಲಸ ಅವರದಾಗಬಹುದು, ಪಾಸ್‌ವರ್ಡ್ ಸೋರಿ ಬರುವ ಬಿಲ್ಲು ಮಾತ್ರ ಸಂಸ್ಥೆಯ ಹೆಸರಿಗೇ ಬರುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆಯೂ ಸಂಸ್ಥೆಯದ್ದೇ.

ಆ ಪ್ರಶ್ನೆ ಕೇಳುವ ಸರಿಯಾದ ಹೊತ್ತು ಫೋನು ಏಳದೆ ನಿಂತ ಮಧ್ಯಾಹ್ನವಲ್ಲ, ಖರೀದಿಯ ಷರತ್ತು ಬರೆಯುವ ದಿನ. ಮೂರು ಸಾಲು ಸಾಕು. ಫೋನುಗಳು ಎಚ್‌ಟಿಟಿಪಿಎಸ್ ಮೂಲಕ, ಪ್ರಮಾಣಪತ್ರ ಪರಿಶೀಲಿಸಿ, ಕಾನ್ಫಿಗರೇಷನ್ ಪಡೆಯಬಲ್ಲವಾಗಿರಬೇಕು. ಅಳವಡಿಸುವವರು ಶಾಖೆಯ ಫೈರ್‌ವಾಲಿನಲ್ಲಿ ಬರೆದ ಪ್ರತಿಯೊಂದು ನಿಯಮಕ್ಕೂ ಕಾರಣವನ್ನೂ ಅದು ಮುಗಿಯುವ ದಿನವನ್ನೂ ಬರೆದು ಒಪ್ಪಿಸಬೇಕು. ಒಪ್ಪಿಸಿಕೊಳ್ಳುವ ಮೊದಲು, ಎಲ್ಲವನ್ನೂ ಅಳಿಸಿದ ಒಂದು ಫೋನನ್ನು ತಾಲ್ಲೂಕಿನ ಶಾಖೆಯಲ್ಲೇ ಸಿಕ್ಕಿಸಿ ಅದು ತಾನಾಗಿ ಎದ್ದು ನಿಲ್ಲುವುದನ್ನು ತೋರಿಸಬೇಕು. ಕೋಲಾರದ ಮೇಜಿನ ಮೇಲೆ ತೋರಿಸಿದ್ದು ಲೆಕ್ಕಕ್ಕಿಲ್ಲ, ಏಕೆಂದರೆ ಅಲ್ಲಿ ಫೈರ್‌ವಾಲ್ ಅಡ್ಡ ಬರುವುದೇ ಇಲ್ಲ. ಈ ಷರತ್ತುಗಳನ್ನು ಬರೆಯಲು ಪ್ಯಾಕೆಟ್ಟಿನ ಒಳಗುಟ್ಟು ತಿಳಿದಿರಬೇಕಾಗಿಲ್ಲ. ಸಂಸ್ಥೆಯ ಕಾರ್ಯದರ್ಶಿಯೋ ವ್ಯವಸ್ಥಾಪಕರೋ ಬರೆಯಬಹುದು. ಫೈರ್‌ವಾಲಿನಲ್ಲಿ ಏನು ತೆರೆದಿರಬೇಕು ಎಂಬುದು ಅಪಾಯವನ್ನು ಯಾರು ಹೊರಬೇಕು ಎಂಬ ತೀರ್ಮಾನ. ಅದನ್ನು ಕೆಲಸ ಮುಗಿಸಿ ಸಂಜೆಯ ಬಸ್ಸು ಹಿಡಿಯಬೇಕಾದ ತಂತ್ರಜ್ಞನ ಹೆಗಲಿಗೆ ಬಿಡುವುದು ಅವನಿಗೂ ಅನ್ಯಾಯ, ಬಿಲ್ಲು ಕಟ್ಟುವ ಸಂಸ್ಥೆಗೂ ಅನ್ಯಾಯ.